ತಕ್ಕಡಿ ಭಾವ ಕಂಡ ಅರವತ್ತು ಕಿಲೋ

ನಮ್ಮ ಭಾವನಿಗೆ ದೇವರು ಎರಡು ಕಣ್ಣು ಕೊಟ್ಟ. ಭಾವ ಅವೆರಡನ್ನೂ ಸೇರಿಸಿ ಒಂದು ತಕ್ಕಡಿ ಮಾಡಿಕೊಂಡರು.

ಅವರ ಕೆಲಸ ಲಿಫ್ಟ್ ತಪಾಸಣೆ. ಎತ್ತರದ ಕಟ್ಟಡಗಳಿಗೆಲ್ಲ ಹೋಗಿ ಲಿಫ್ಟಿನ ಹಗ್ಗ, ಬ್ರೇಕು, ಬಾಗಿಲು ನೋಡಿ, "ಇಷ್ಟು ಜನ, ಇಷ್ಟು ಕಿಲೋ, ಇದಕ್ಕಿಂತ ಮೇಲೆ ಬೇಡ" ಅಂತ ಒಂದು ಫಲಕ ಹೊಡೆಸಿ ಬರುವುದು. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಅವರಿಗೆ ಮನುಷ್ಯರು ಮನುಷ್ಯರ ಹಾಗೆ ಕಾಣುವುದು ನಿಂತು, ಕಿಲೋಗಳ ಹಾಗೆ ಕಾಣತೊಡಗಿದರು. ಬಾಗಿಲಲ್ಲಿ ನೆಂಟರು ನಿಂತರೆ ನಾವೆಲ್ಲ "ಬನ್ನಿ ಬನ್ನಿ" ಅಂತೇವೆ. ಭಾವ "ಎಂಬತ್ತೆರಡು" ಅಂತಾರೆ. ನನ್ನ ಅಕ್ಕನನ್ನು ಮೊದಲ ಸಲ ನೋಡಿದಾಗಲೂ ಅವರ ಬಾಯಿಂದ ಬಂದದ್ದು ಒಂದು ಅಂಕಿಯಂತೆ. ಅದು ಎಷ್ಟು ಅಂತ ಅಕ್ಕ ಇವತ್ತಿಗೂ ಬಾಯಿಬಿಟ್ಟಿಲ್ಲ, ಭಾವ ಬಾಯಿಬಿಡದ ಹಾಗೂ ನೋಡಿಕೊಂಡಿದ್ದಾಳೆ.

ನಮ್ಮ ಏಳು ಮಹಡಿಯ ಕಟ್ಟಡದಲ್ಲಿ ಅವರಿಗೆ 'ತಕ್ಕಡಿ ಸಾಹೇಬ್ರು' ಅಂತಲೇ ಹೆಸರು. ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಒಳಗಿದ್ದವರ ಮೇಲೆಲ್ಲ ಒಂದು ನೋಟ ಹರಿಸಿ, "ನೀವು ಇಳೀರಿ ಸಾರ್" ಅಂದುಬಿಡುತ್ತಿದ್ದರು.

"ಇರೋರು ಐದೇ ಜನ ಅಲ್ರೀ!"

"ನೀವು ಒಬ್ಬರೇ ಇರಬಹುದು ಸಾರ್. ನಿಮ್ಮ ಕೈಯಲ್ಲಿರೋ ಚೀಲ ಇನ್ನೊಬ್ಬರು."

ಹೀಗೆ ಇಳಿಸಿಕೊಂಡವರಲ್ಲಿ ಮೊದಲಿಗರು ನಾಲ್ಕನೇ ಮಹಡಿಯ ನಿವೃತ್ತ ಹೆಡ್ಮಾಸ್ಟರು. ಕಟ್ಟಡದ ಸಂಘಕ್ಕೆ ಅವರೇ ಅಧ್ಯಕ್ಷರು. ಶಾಲೆ ಬಿಟ್ಟರೂ ಪ್ರಶ್ನೆಪತ್ರಿಕೆ ಅವರನ್ನು ಬಿಟ್ಟಿರಲಿಲ್ಲ. ಕಾಫಿ ಕುಡಿಯುವಾಗಲೂ "ಸಕ್ಕರೆ ಹಾಕಿದ್ದೀರಾ? ಹೌದು ಅಥವಾ ಇಲ್ಲ ಎಂದು ಉತ್ತರಿಸಿ" ಎಂದೇ ಕೇಳುವವರು.

ಇಂಥ ತಕ್ಕಡಿ ಭಾವನಿಗೆ ಹುಟ್ಟಿದ ಮಗಳನ್ನು ಮನೆಯವರೆಲ್ಲ ಕರೆಯುವುದು 'ಕಡ್ಡಿ' ಅಂತ. ಹದಿಮೂರು ವರ್ಷ. ಶಾಲೆಯ ಚೀಲ ಬೆನ್ನಿಗೇರಿಸಿದರೆ, ಚೀಲವೇ ಕಾಲು ಬಾಡಿಗೆಗೆ ಪಡೆದು ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಆಟದ ಬಯಲಲ್ಲಿ ತಂಡ ಕಟ್ಟುವಾಗ ಕಂಬದ ಹಿಂದೆ ನಿಲ್ಲುತ್ತಿದ್ದಳು. ಎಲ್ಲರನ್ನೂ ಆರಿಸಿ ಮುಗಿದ ಮೇಲೆ ಇವಳನ್ನು ಸೇರಿಸಿಕೊಂಡರೆ "ಸಾರಿ" ಅನ್ನುತ್ತಿದ್ದಳು. ಬಾಗಿಲಿಗೆ ಭುಜ ತಗುಲಿದರೆ ಬಾಗಿಲಿಗೂ ಸಾರಿ.

ಅಕ್ಕ ಅವಳನ್ನು ಕೋಚಮ್ಮನ ತರಗತಿಗೆ ಸೇರಿಸಿದಳು. ನೆಲಮಾಳಿಗೆಯಲ್ಲಿ, ಗಾಡಿ ನಿಲ್ಲಿಸುವ ಜಾಗದ ಪಕ್ಕ, ಹಳೆಯ ಸ್ಟೋರ್ ರೂಮನ್ನು ಸಂಘದಿಂದ ಕೇಳಿ ಪಡೆದು ಕೋಚಮ್ಮ ಮಕ್ಕಳಿಗೆ ಮೈ ಗಟ್ಟಿಮಾಡುವ ವ್ಯಾಯಾಮ ಕಲಿಸುತ್ತಿದ್ದರು. ಅವರ ಕೊರಳಲ್ಲಿ ಸೀಟಿ ಇತ್ತು, ಅದರ ಅಗತ್ಯ ಇರಲಿಲ್ಲ. ಅವರ ಮಾತೇ ಸೀಟಿ. ಚಿಕ್ಕದು, ಚೂಪು, ಪ್ರತಿಯೊಂದೂ ಎರಡೆರಡು ಸಲ: "ಬೆನ್ನು ಬೆನ್ನು! ನೇರ ನೇರ! ಉಸಿರು ಉಸಿರು! ಬಿಡು ಬಿಡು!"

ಮಗಳು ಭಾರ ಎತ್ತುತ್ತಾಳೆ ಅಂದ ಕೂಡಲೇ ಭಾವನ ಎದೆ ಒಂದೆರಡು ಕಿಲೋ ಉಬ್ಬಿತು. ಅದು ಇಳಿಯುವುದಕ್ಕೂ ಬಹಳ ದಿನ ಬೇಕಾಗಲಿಲ್ಲ. ಯಾಕೆಂದರೆ ಕೋಚಮ್ಮ ಮಕ್ಕಳ ಕೈಗೆ ಕೊಟ್ಟದ್ದು ಕೋಲು. ಪೊರಕೆಯ ತಲೆ ಕಳಚಿದರೆ ಉಳಿಯುತ್ತದಲ್ಲ, ಅಂಥ ಬರೀ ಕೋಲು. ಅದನ್ನು ಹಿಡಿದು ಬಸ್ಕಿ, ಅದನ್ನು ಹಿಡಿದು ಬಾಗುವುದು, ಅದನ್ನು ತಲೆಯ ಮೇಲೆತ್ತುವುದು. ತಿಂಗಳುಗಳು ಕಳೆದರೂ ಕೋಲು ಕೋಲಾಗಿಯೇ ಇತ್ತು.

ಹೆಡ್ಮಾಸ್ಟರು ಲಿಫ್ಟಿನಲ್ಲಿ ಸಿಕ್ಕರು. "ಒಂದೇ ಪದದಲ್ಲಿ ಉತ್ತರಿಸಿ. ನಿಮ್ಮ ಮಗಳು ಏನು ಎತ್ತುತ್ತಾಳೆ?"

"ಕೋಲು."

"ಕೋಲಿನ ತುದಿಯಲ್ಲಿ?"

"...ಗಾಳಿ."

"ಸಂತೋಷ. ಸಂಘದ ಮೆಟ್ಟಿಲು ಗುಡಿಸೋಕೆ ಒಬ್ಬರು ಬೇಕಾಗಿತ್ತು. ಅರ್ಧ ತರಬೇತಿ ಆಗಿದೆ."

ಭಾರದ ಮೇಲೆ ಬದುಕು ಕಟ್ಟಿಕೊಂಡ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಭಾವ ಸೀದಾ ನೆಲಮಾಳಿಗೆಗೆ ಇಳಿದರು. ಬಾಮೈದನಾದ ನಾನು ಹಿಂದೆಯೇ ಹೋದೆ, ಇಂಥ ಸಂದರ್ಭಗಳನ್ನು ತಪ್ಪಿಸಿಕೊಳ್ಳುವುದು ನನ್ನ ಜಾಯಮಾನದಲ್ಲಿ ಇಲ್ಲ.

"ಮೇಡಂ, ಮಕ್ಕಳಿಗೆ ಭಾರ ಯಾವಾಗ ಕೊಡ್ತೀರಿ?"

"ಕೋಲು ಸರಿಯಾಗಿ ಎತ್ತಿದಾಗ ಎತ್ತಿದಾಗ."

"ಕೋಲಲ್ಲಿ ತಪ್ಪು ಮಾಡೋಕೆ ಏನಿದೆ?"

ಕೋಚಮ್ಮ ಒಂದು ಕೋಲನ್ನು ಭಾವನ ಕೈಗಿಟ್ಟರು. "ತಲೆ ಮೇಲೆ ಹಿಡೀರಿ. ಹಿಮ್ಮಡಿ ನೆಲ ಬಿಡಬಾರದು. ಕೂತ್ಕೊಳಿ ಕೂತ್ಕೊಳಿ."

ಭಾವ ಕೂತರು. ಕೂರುವ ಭಾಗ ಸೊಗಸಾಗಿ ಆಯಿತು. ಏಳುವ ಭಾಗ ಆಗಲಿಲ್ಲ. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಭಾವ ಹಾಗೇ ಕೂತು, ಒಂದು ಬೆರಳಿಂದ ನೆಲ ತಟ್ಟಿ, "ನೆಲಹಾಸು ಒಳ್ಳೇದು ಹಾಕಿದ್ದೀರಿ" ಅಂದರು. ನಾನು ಒಂದು ರೆಟ್ಟೆ, ಕಡ್ಡಿ ಒಂದು ರೆಟ್ಟೆ ಹಿಡಿದು ಎತ್ತಿದ ಮೇಲೆ ಅವರು ಆ ಕೋಣೆಯೊಳಗೆ ಇನ್ನು ಕಾಲಿಡುವುದಿಲ್ಲ ಎಂದು ತೀರ್ಮಾನಿಸಿದರು. ತೀರ್ಮಾನವೂ ಅವರು ಎದ್ದಷ್ಟೇ ಕಷ್ಟಪಟ್ಟು ಬಂದದ್ದು.

ಆದರೆ ತಂದೆಯ ಕುತೂಹಲ ಎಲ್ಲಿಗೆ ಹೋಗುತ್ತದೆ? ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ನನ್ನನ್ನು ಪಿಸುಮಾತಲ್ಲಿ ಕರೆದರು. ಆ ಕೋಣೆಗೆ ಗಾಡಿಗಳ ಕಡೆಗೊಂದು ಸಣ್ಣ ಗವಾಕ್ಷಿ ಇದೆ, ಎತ್ತರದಲ್ಲಿ, ಧೂಳು ಹಿಡಿದ ಗಾಜು. ಭಾವ ತಮ್ಮ ಸ್ಕೂಟರಿನ ಸೀಟಿನ ಮೇಲೆ ಹತ್ತಿ ನಿಂತರು. ಜಗತ್ತಿನ ಲಿಫ್ಟುಗಳಿಗೆಲ್ಲ ಸುರಕ್ಷತೆ ಬೋಧಿಸುವ ಮನುಷ್ಯ.

"ಗಟ್ಟಿಯಾಗಿ ಹಿಡ್ಕೊಳೋ."

"ಹಿಡ್ಕೊಂಡಿದ್ದೀನಿ ಭಾವ. ಏನ್ ಕಾಣ್ತಿದೆ?"

"ಶ್! ನಮ್ಮ ಕಡ್ಡಿ ಬಂದಳು. ಕೋಲಲ್ಲ ಕಣೋ, ಕಂಬಿ! ಎರಡು ತುದೀಲೂ ಚಕ್ರ! ಅಯ್ಯೋ, ಬಸ್ಸಿನ ಚಕ್ರದಷ್ಟಿದೆ! ಬಾಗಿದಳು... ಹಿಡಿದಳು... ಎತ್ತಿಬಿಟ್ಟಳು! ತಲೆ ಮೇಲೆ!" ಬೆರಳುಗಳು ಗಾಳಿಯಲ್ಲಿ ಲೆಕ್ಕ ಹಾಕಿದವು. "ಅಷ್ಟು ದೊಡ್ಡ ಚಕ್ರ ಅಂದ್ರೆ ಒಂದಕ್ಕೆ ಇಪ್ಪತ್ತು. ಎರಡಕ್ಕೆ ನಲವತ್ತು. ಕಂಬಿ ಇಪ್ಪತ್ತು. ಅರವತ್ತು ಕಿಲೋ!"

ಅರವತ್ತು ಅಂದ ಕ್ಷಣವೇ ಸ್ಕೂಟರಿನ ಸ್ಟ್ಯಾಂಡು ತನ್ನ ಜವಾಬ್ದಾರಿಗೆ ರಾಜೀನಾಮೆ ಕೊಟ್ಟಿತು. ಭಾವ, ಸ್ಕೂಟರು, ನಾನು, ಇದೇ ಕ್ರಮದಲ್ಲಿ ನೆಲಕ್ಕೆ ಬಂದೆವು. ಭಾವ ಬಿದ್ದಲ್ಲಿಂದಲೇ ನಕ್ಕರು. ಮೊಣಕೈ ತರಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

"ಕಡ್ಡೀನ ಒಂದು ಮಾತು ಕೇಳಿಬಿಡಿ ಭಾವ, ಎಷ್ಟು ಅಂತ," ಅಂದೆ ನಾನು.

"ಕೇಳೋದಾ? ನಾನಾ?" ನನ್ನನ್ನು ನೋಡಿದ ನೋಟದಲ್ಲಿ ಕರುಣೆ ಇತ್ತು. "ಹೋಟೆಲ್ ನಡೆಸೋನು ಪಕ್ಕದ ಮನೆಗೆ ಊಟಕ್ಕೆ ಹೋಗ್ತಾನೇನೋ?"

ಮರುದಿನ ಬೆಳಗ್ಗೆ ಲಿಫ್ಟಿನಲ್ಲಿ ಹೆಡ್ಮಾಸ್ಟರು ಕೈಯಲ್ಲೊಂದು ಹಿತ್ತಾಳೆ ಕಪ್ಪು ಹಿಡಿದು ನಿಂತಿದ್ದರು. ಮೊಮ್ಮಗ ರಸಪ್ರಶ್ನೆಯಲ್ಲಿ ಗೆದ್ದದ್ದು. ಪಾಲಿಶ್ ಮಾಡಿಸೋಕೆ ಒಯ್ಯುತ್ತಿದ್ದರೋ, ಲಿಫ್ಟಿನಲ್ಲಿ ಸುತ್ತಾಡಿಸೋಕೆ ತಂದಿದ್ದರೋ ಹೇಳಲಾಗದು. ಒಂದೇ ಬೆಳಗ್ಗೆ ಮೂರು ಸಲ ಮೇಲೆ ಕೆಳಗೆ ಹೋಗಿದ್ದರಂತೂ ನಿಜ.

"ಮಕ್ಕಳಲ್ಲಿ ಒಂದು ಪ್ರತಿಭೆ ಇರಬೇಕು ಸಾಹೇಬ್ರೇ. ನಿಮ್ಮ ಮಗಳ ಕೋಲು ಹೇಗಿದೆ?"

"ನಮ್ಮ ಹುಡುಗಿದು ಅರವತ್ತು," ಅಂದರು ಭಾವ, ಛಾವಣಿ ನೋಡುತ್ತ.

"ನೂರಕ್ಕೆ ಅರವತ್ತೇ? ಪರವಾಗಿಲ್ಲ, ಪ್ರಥಮ ದರ್ಜೆಯ ಹೊಸಿಲು ಮುಟ್ಟಿತಲ್ಲ."

"ಕಿಲೋ ಸಾರ್! ಅರವತ್ತು ಕಿಲೋ! ತಲೆ ಮೇಲೆ ಎತ್ತುತ್ತಾಳೆ! ಈ ಕಣ್ಣಿಂದ ನೋಡಿದ್ದೀನಿ!"

ಹೆಡ್ಮಾಸ್ಟರ ಕೈಯಲ್ಲಿ ಕಪ್ಪು ಓರೆಯಾಯಿತು. ಬೇರೆ ಯಾರಾದರೂ ಹೇಳಿದ್ದರೆ ನಗಬಹುದಿತ್ತು. ಹೇಳಿದ್ದು ತಕ್ಕಡಿ ಸಾಹೇಬ್ರು. ತೂಕದಲ್ಲಿ ಒಮ್ಮೆಯೂ ತಪ್ಪದ ಕಣ್ಣು.

ನಮ್ಮ ಕಟ್ಟಡದಲ್ಲಿ ಸುದ್ದಿಯೂ ಲಿಫ್ಟಿನಲ್ಲೇ ಓಡಾಡುತ್ತದೆ. ನೆಲಮಹಡಿಯಲ್ಲಿ ಅರವತ್ತಕ್ಕೆ ಹತ್ತಿದ ಸುದ್ದಿ ಮೂರನೇ ಮಹಡಿಯಲ್ಲಿ ಎಪ್ಪತ್ತೈದಾಯಿತು, ಐದರಲ್ಲಿ ತೊಂಬತ್ತಾಯಿತು. ತಾರಸಿಗೆ ಬಟ್ಟೆ ಒಣಗಿಸಲು ಹೋದ ಅಕ್ಕನನ್ನು ಒಬ್ಬಾಕೆ ತಡೆದು, "ನಿಮ್ಮ ಮಗಳು ಕಾರು ಎತ್ತಿದಳಂತೆ, ಹೌದಾ?" ಅಂದರಂತೆ. ಅಕ್ಕ ಬಟ್ಟೆ ಒಣಗಿಸದೆ ಹಿಂದಿರುಗಿದಳು.

ಕಟ್ಟಡ ಎರಡು ಪಕ್ಷ ಆಯಿತು. ಒಂದು, ಅನುಕೂಲಸ್ಥರ ಪಕ್ಷ. ಅಂದರೆ ಕಡ್ಡಿಯಿಂದ ತಮಗೆ ಅನುಕೂಲ ಮಾಡಿಕೊಳ್ಳುವವರು. ಶಾಲೆಯಿಂದ ಬರುತ್ತಿದ್ದವಳನ್ನು ಐದನೇ ಮಹಡಿಯ ಹೊಸ ಸೊಸೆ ನಯವಾಗಿ ಕರೆದಳು. "ಪುಟ್ಟಿ, ಒಂದ್ನಿಮಿಷ ಬರ್ತೀಯಾ? ಬೀರು ಸ್ವಲ್ಪ ಆ ಗೋಡೆಗೆ ಸರಿಸಬೇಕಿತ್ತು. ಎರಡೂ ಕೈ ಬೇಡ, ಒಂದು ಸಾಕು."

"ಸಾರಿ ಆಂಟಿ, ನಾನು..."

"ಹೋಮ್‌ವರ್ಕ್ ಇದ್ದರೆ ಮುಗಿಸಿಕೊಂಡೇ ಬಾ."

ಇನ್ನೊಂದು ಆತಂಕಸ್ಥರ ಪಕ್ಷ. ಅದರ ನಾಯಕಿ ಸ್ವಂತ ಮನೆಯಲ್ಲೇ ಇದ್ದರು: ಭಾವನ ತಾಯಿ, ನಮ್ಮೆಲ್ಲರ ಬಾಯಲ್ಲಿ ಅಜ್ಜಿ.

"ಅರವತ್ತು ಕಿಲೋನಾ? ಬೆಳೆಯೋ ಮಗು ಕಣೋ ಅದು! ತಲೆ ಮೇಲೆ ಅಷ್ಟು ಹೊತ್ತರೆ ಮೇಲೆ ಬೆಳೆಯತ್ತಾ, ಕೆಳಗೆ ಇಳಿಯತ್ತಾ?"

"ಅಮ್ಮ, ನಿನಗೆ ಭಾರದ ವಿಷಯ ಗೊತ್ತಾಗಲ್ಲ."

"ನಿನ್ನ ಹೊತ್ತವಳು ನಾನು! ನನಗೆ ಹೇಳ್ತಾನೆ!"

ಕಡ್ಡಿ ನಡುವೆ ಬಾಯಿ ಹಾಕಿದಳು. "ಅಪ್ಪಾ, ಅರವತ್ತಾ? ಅದು..."

"ಶ್! ಸಾಧನೆ ಮಾಡಿದವರು ತಮ್ಮ ಬಾಯಿಂದ ಹೇಳಿಕೋಬಾರದು. ಅದಕ್ಕೇ ನಾನಿರೋದು."

ಅಜ್ಜಿ ವಾದ ಮಾಡುವವರಲ್ಲ, ಪ್ರಯೋಗ ಮಾಡುವವರು. ಮರುದಿನ ಕಡ್ಡಿ ಹಾಸಿಗೆಯಿಂದ ಎದ್ದ ಕೂಡಲೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. ಸಂಜೆ ತರಗತಿ ಮುಗಿಸಿ ಬಂದಾಗ ಮತ್ತೆ ನಿಲ್ಲಿಸಿದರು. ಎರಡನೇ ಗೆರೆ ಮೊದಲನೆಯದಕ್ಕಿಂತ ಅರ್ಧ ಬೆರಳು ಕೆಳಗೆ ಬಂತು! ಅಜ್ಜಿ ಕನ್ನಡಕ ಒರೆಸಿ ನೋಡಿದರು. ಅಕ್ಕನ ಕನ್ನಡಕ ಹಾಕಿ ನೋಡಿದರು. ಗೆರೆ ಏಳಲಿಲ್ಲ. ಮುಂದಿನ ತರಗತಿಯ ದಿನವೂ ಅಷ್ಟೇ. ಬೆಳಗ್ಗೆ ಮೇಲೆ, ಸಂಜೆ ಕೆಳಗೆ.

ನಾನು ಒಳಗೆ ಬರುವಷ್ಟರಲ್ಲಿ ಅಜ್ಜಿ ಫೋನು ಹಿಡಿದಿದ್ದರು. ಫೋನಿಲ್ಲದೆಯೇ ಕೇಳಿಸುವಷ್ಟು ಜೋರಾಗಿ: "ಮಕ್ಕಳ ಸುರಕ್ಷತೆ ಆಫೀಸಾ? ನನ್ನ ಮೊಮ್ಮಗಳು ಸವೆದು ಹೋಗ್ತಿದ್ದಾಳೆ! ಹೌದ್ರೀ, ಸೋಪಿನ ಥರ! ದಿನಕ್ಕೆ ಅರ್ಧ ಬೆರಳು! ನೆಲಮಾಳಿಗೇಲಿ ಅರವತ್ತು ಕಿಲೋ ಹೊರಿಸ್ತಾರೆ. ಯಾರು ಹೇಳಿದ್ರಾ? ಲಿಫ್ಟ್ ತಪಾಸಣೆಯವರು. ಬೇಗ ಬನ್ನಿ, ತಡ ಮಾಡಿದ್ರೆ ಹುಡುಗಿ ಸಿಗಲ್ಲ, ಬರೀ ರಿಬ್ಬನ್ ಸಿಗತ್ತೆ!"

ಮೊಮ್ಮಗಳನ್ನು ಮನಸಾರೆ ಪ್ರೀತಿಸುವ ಅಜ್ಜಿ. ಪ್ರೀತಿ ನಿಜ, ಅಳತೆಯೂ ನಿಜ. ಎರಡು ನಿಜ ಸೇರಿ ಇಷ್ಟು ದೊಡ್ಡ ತಪ್ಪು ಹುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಫೀಸಿನಿಂದ ಉತ್ತರ ಬಂತು. ಶನಿವಾರ ಅಧಿಕಾರಿಗಳು ಖುದ್ದು ಬರುತ್ತಾರೆ, ದೂರು ನಿಜವಾದರೆ ಕೋಣೆಗೆ ಬೀಗ. ಅಲ್ಲಿಯವರೆಗೆ ತರಗತಿ ಬಂದ್. ಹೆಡ್ಮಾಸ್ಟರು ವಿಷಾದದಿಂದ ತಲೆ ಆಡಿಸಿದರು. ಆ ಕೋಣೆಯನ್ನು 'ಹಿರಿಯರ ಚಿಂತನ ಮಂಟಪ' ಮಾಡಬೇಕೆಂಬುದು ಅವರ ಬಹುದಿನದ ಕನಸು. ಚಿಂತನೆಗೆ ಬೇಕಾದ ಇಸ್ಪೀಟು ಕಟ್ಟು, ನಾಲ್ಕು ಕುರ್ಚಿ ಆಗಲೇ ಸಿದ್ಧವಾಗಿದ್ದವು.

ಶನಿವಾರ ಬೆಳಗಿನ ತಿಂಡಿಯ ಹೊತ್ತಿಗೆ ಕಡ್ಡಿ ತಟ್ಟೆ ಮುಂದಕ್ಕೆ ತಳ್ಳಿ ಹೇಳಿದಳು, "ಅಪ್ಪಾ, ಅದು ಹತ್ತು ಕಿಲೋ."

"ಯಾವುದು?"

"ನಾನು ಎತ್ತೋದು. ಅವು ಕಲಿಯೋರ ಚಕ್ರ. ಪ್ಲಾಸ್ಟಿಕ್ಕು. ಕಂಬಿ ನೆಲದಿಂದ ಸರಿಯಾದ ಎತ್ತರದಲ್ಲಿ ಇರ್ಲಿ, ನಾವು ತೀರಾ ಬಾಗಬಾರದು ಅಂತ ಅಷ್ಟು ದೊಡ್ಡದಾಗಿ ಮಾಡಿರ್ತಾರೆ. ಒಂದೊಂದು ಎರಡೂವರೆ. ಕಂಬಿ ಮಕ್ಕಳದ್ದು, ಐದು. ಲೆಕ್ಕ ಹಾಕು."

ಭಾವ ಲೆಕ್ಕ ಹಾಕಿದರು. ಮುಖದಲ್ಲಿ ಒಂದೊಂದೇ ಮಹಡಿ ಇಳಿಯುವುದು ಕಾಣುತ್ತಿತ್ತು. ನೆಲಮಹಡಿಗೆ ಬರುವ ಮೊದಲು ಬ್ರೇಕು ಹಾಕಿದರು. "ಸಾಧ್ಯವೇ ಇಲ್ಲ. ನನ್ನ ಕಣ್ಣು ಅರವತ್ತು ಅಂದಿದೆ. ಮಕ್ಕಳಿಗೆ ಎತ್ತೋದು ಗೊತ್ತು, ತೂಕ ಗೊತ್ತಾಗಲ್ಲ."

"ರೂಮು ಮುಚ್ಚಿದ್ರೆ ನಾನು ಮತ್ತೆ ಕಂಬದ ಹಿಂದೆ ನಿಂತ್ಕೋಬೇಕು ಅಪ್ಪಾ."

ಅಷ್ಟು ಹೇಳಿ ಎದ್ದು ಹೋದಳು. ಹೋಗುವಾಗ ಕುರ್ಚಿಗೆ ಕಾಲು ತಗುಲಿತು. ಕುರ್ಚಿಗೆ ಸಾರಿ ಹೇಳಲಿಲ್ಲ.

ಸಂಜೆ ನೆಲಮಾಳಿಗೆಯಲ್ಲಿ ಇಡೀ ಕಟ್ಟಡ ನೆರೆದಿತ್ತು. ಕೋಣೆ ಸಾಲದೆ ಸ್ಕೂಟರುಗಳ ಮೇಲೂ ಜನ. ಅಧಿಕಾರಿಗಳು ಬಂದರು, ಒಬ್ಬರೇ. ಒಂದು ಕೈಯಲ್ಲಿ ದಪ್ಪ ಬೀಗ. ಅವರ ಮಾತು ಸುತ್ತೋಲೆಯ ಹಾಗೆ ಬರುತ್ತಿತ್ತು.

"ಈ ಮೂಲಕ ಕೇಳುವುದೇನೆಂದರೆ, ಅರವತ್ತು ಕಿಲೋ ಎಂದು ಹೇಳಿದವರು ಯಾರು?"

ಇಡೀ ಕಟ್ಟಡದ ಬೆರಳುಗಳು ಭಾವನ ಕಡೆ ತಿರುಗಿದವು.

"ತಾವು ಲಿಫ್ಟ್ ತಪಾಸಣೆಯವರು. ಆದ್ದರಿಂದ ತಮ್ಮ ಮಾತಿಗೆ ತೂಕ ಇದೆ."

"ಹತ್ತು ಹತ್ತು!" ಅಂದರು ಕೋಚಮ್ಮ.

"ಸದರಿ ಹತ್ತು ಹತ್ತು ಅಂದರೆ ಇಪ್ಪತ್ತೇ?"

"ಹತ್ತೇ ಸಾರ್ ಹತ್ತೇ! ಬೇಕಾದ್ರೆ ಹುಡುಗಿ ಎತ್ತಿ ತೋರಿಸ್ತಾಳೆ ತೋರಿಸ್ತಾಳೆ."

"ಖಂಡಿತ ಕೂಡದು! ನನ್ನ ಸಮಕ್ಷಮವೇ ಮಗುವಿನ ಕೈಗೆ ಅರವತ್ತು ಕಿಲೋ? ನಾನೂ ಮುಟ್ಟುವ ಹಾಗಿಲ್ಲ, ಅದು ಪುರಾವೆ. ವಯಸ್ಕರು ಯಾರಾದರೂ ಮುಂದೆ ಬರತಕ್ಕದ್ದು."

ನೆಲದ ಮೇಲೆ ಆ ಕಂಬಿ ಮಲಗಿತ್ತು, ಎರಡು ಕಡೆ ಕಪ್ಪು ಚಕ್ರ. ನೋಡಿದರೆ ಭಯವಾಗುವ ಹಾಗೆಯೇ ಇತ್ತು, ಸುಳ್ಳು ಯಾಕೆ. ಕಟ್ಟಡದ ಗಂಡಸರಿಗೆಲ್ಲ ಒಮ್ಮೆಲೇ ಸೊಂಟದ ನೆನಪಾಯಿತು. ನನಗೂ ಆಯಿತು. ಹೆಡ್ಮಾಸ್ಟರು ಭಾವನ ಕಿವಿಯಲ್ಲಿ ಹೇಳಿದರು, "ನೀವೇ ಹೋಗಿ. ಮುಟ್ಟಿ, ಮುಲುಕಿ, ಏಳ್ತಾ ಇಲ್ಲ ಅಂದ್ಬಿಡಿ. ನಿಮ್ಮ ಕಣ್ಣಿನ ಮರ್ಯಾದೆ ಉಳಿಯತ್ತೆ, ನಮಗೆ ಮಂಟಪ ಸಿಗತ್ತೆ. ಎಲ್ಲ ಪ್ರಶ್ನೆಗೂ ಒಂದೇ ಉತ್ತರ."

ಭಾವ ಮುಂದೆ ಬಂದರು. ಕಡ್ಡಿ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪ ಮಗಳನ್ನು ನೋಡಿದರು, ಕಂಬಿಯನ್ನು ನೋಡಿದರು. ಕಂಬಿ ಅವರ ಕಣ್ಣಿಗೆ ಇನ್ನೂ ಅರವತ್ತೇ. ಅಂಗಿಯ ತೋಳು ಮಡಚಿ, ಕಾಲು ಜೋಡಿಸಿ, ಬೆನ್ನು ಬಿಲ್ಲು ಮಾಡಿ ಬಾಗಿದರು.

"ನಿಲ್ಲು!"

ಸೀಟಿ ಅಲ್ಲ. ಕೋಚಮ್ಮ ಅಲ್ಲ. ಕಡ್ಡಿ! ಆ ದನಿಗೆ ಗಾಡಿಯೊಂದರ ಅಲಾರಂ ಹೊಡೆದುಕೊಂಡಿತು ಅಂತ ಆಮೇಲೆ ಕೆಲವರು ಹೇಳಿದರು. ನಾನು ಆಣೆ ಮಾಡಿ ಹೇಳಬಲ್ಲದ್ದು ಇಷ್ಟೇ: ಅಧಿಕಾರಿಗಳ ಕೈಯಿಂದ ಬೀಗ ಬಿತ್ತು.

"ಬೆನ್ನು ಹಾಗೆ ಬಗ್ಗಿಸಬಾರದು ಅಪ್ಪಾ! ಕಾಲು ಅಗಲ ಮಾಡು. ಇನ್ನೂ. ಹಿಮ್ಮಡಿ ಊರು. ಕಂಬಿ ಕಾಲಿಗೆ ಹತ್ತಿರ ಇರ್ಲಿ. ಸೊಂಟ ಹಿಂದಕ್ಕೆ, ಎದೆ ಮುಂದಕ್ಕೆ, ಬೆನ್ನು ನೇರ. ಎದುರು ನೋಡು, ಅಧಿಕಾರಿಗಳನ್ನ ನೋಡು. ಈಗ ಕಾಲಿಂದ ಏಳು. ಏಳ್ತಾ ಉಸಿರು ಬಿಡು."

ಇಡೀ ಕಟ್ಟಡವನ್ನು ಲಿಫ್ಟಿನಿಂದ ಇಳಿಸಿದ ಮನುಷ್ಯ, ಹದಿಮೂರರ ಹುಡುಗಿಯ ಮಾತಿಗೆ ಒಂದೊಂದಾಗಿ ಕಾಲು, ಸೊಂಟ, ಎದೆ ಸರಿಮಾಡಿಕೊಂಡರು. ಅರವತ್ತಕ್ಕೆ ಬೇಕಾದ ಶಕ್ತಿಯನ್ನೆಲ್ಲ ಒಟ್ಟುಮಾಡಿದರು. ಎದ್ದರು.

ಅರವತ್ತರ ಶಕ್ತಿ ಹತ್ತರ ಮೇಲೆ ಬಿದ್ದರೆ ಏನಾಗುತ್ತದೆ? ಕಂಬಿ ಮೊಣಕಾಲು ದಾಟಿತು, ಎದೆ ದಾಟಿತು, ಗದ್ದವನ್ನು ಕೂದಲೆಳೆಯಲ್ಲಿ ತಪ್ಪಿಸಿ ತಲೆಯ ಮೇಲೆ ಹೋಗಿ ನಿಂತಿತು. ಕೆಳಗೆ ಭಾವ, ಬಾಯಿ ತೆರೆದು.

ಆಮೇಲೆ ನೆಲಮಾಳಿಗೆ ಬಿರಿಯುವ ಹಾಗೆ ಚಪ್ಪಾಳೆ!

"ಅರವತ್ತು ಕಿಲೋ! ತಕ್ಕಡಿ ಸಾಹೇಬ್ರು ಅರವತ್ತು ಎತ್ತಿದ್ರು!" ಸ್ಕೂಟರುಗಳ ಮೇಲಿದ್ದವರು ಶಿಳ್ಳೆ ಹೊಡೆದರು. ಹೆಡ್ಮಾಸ್ಟರ ಮುಖ ಪ್ರಶ್ನೆಯೇ ಇಲ್ಲದ ಪತ್ರಿಕೆಯಾಯಿತು. ಅಕ್ಕ, ಮದುವೆಯಾದಾಗಿನಿಂದ ನೋಡದ ಹಾಗೆ ಗಂಡನನ್ನು ನೋಡಿದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಿಂತು ಆ ಚಪ್ಪಾಳೆ ಮುಗಿಯುವವರೆಗೂ ಕುಡಿಯುತ್ತಿದ್ದರು. ಭಾವ ಮಗಳ ಕಡೆ ನೋಡಿದರು. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ.

"ನಿಲ್ಲಿಸಿ!" ಅಂದರು ಭಾವ, ಕಂಬಿಯ ಕೆಳಗಿಂದ. "ಇದು ಹತ್ತು! ಹತ್ತೇ ಹತ್ತು! ನನ್ನ ಕಣ್ಣು ತಪ್ಪು, ನನ್ನ ಮಗಳು ಸರಿ!"

ಯಾರೂ ನಂಬಲಿಲ್ಲ! "ಎಂಥ ವಿನಯ ನೋಡಿ!" ಅಂದರು ಒಬ್ಬರು. "ದೊಡ್ಡವರು ಹಾಗೇ," ಅಂದರು ಇನ್ನೊಬ್ಬರು. ಅಧಿಕಾರಿಗಳು ಬೀಗ ಎತ್ತಿಕೊಂಡು, "ತಮ್ಮ ಸೌಜನ್ಯವನ್ನು ಗಮನಿಸಲಾಗಿದೆ. ಆದರೆ ಅರವತ್ತು ಎಂಬುದು ಈ ಮೂಲಕ ಸಾಬೀತಾಗಿರುವುದರಿಂದ..." ಅಂತ ಬಾಗಿಲಿನ ಕಡೆ ಹೊರಟೇಬಿಟ್ಟರು.

"ಅಯ್ಯೋ, ಹತ್ತು ಅಂದ್ರೆ ಹತ್ತು ಕಣ್ರೀ! ಅಮ್ಮಾ, ಇಲ್ಲಿ ಬಾ! ಹಿಡಿ!"

ಅಜ್ಜಿ ಸೆರಗು ಸಿಕ್ಕಿಸಿ ಬಂದರು. ಭಾವ ಕಂಬಿಯನ್ನು ನಿಧಾನ ಸೊಂಟದ ಮಟ್ಟಕ್ಕೆ ಇಳಿಸಿ ತಾಯಿಯ ಎರಡೂ ಕೈಗೆ ಕೊಟ್ಟರು. ಜನ ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಅಜ್ಜಿ ಕಂಬಿ ಹಿಡಿದು, ಮಾರುಕಟ್ಟೆಯಿಂದ ಬಂದವರ ಹಾಗೆ ಆರಾಮವಾಗಿ ನಿಂತಿದ್ದರು.

"ಇಷ್ಟೇನಾ? ನನ್ನ ನೀರಿನ ಬಕೆಟ್ಟೇ ಇದಕ್ಕಿಂತ ಭಾರ! ಇದಕ್ಕೇನೋ ನನ್ನಿಂದ ಫೋನು ಮಾಡಿಸಿದ್ದು?"

ಈಗ ನಗು ಶುರುವಾಯಿತು. ಸ್ಕೂಟರಿನಿಂದ ಸ್ಕೂಟರಿಗೆ ಹಾರಿ ಮೆಟ್ಟಿಲವರೆಗೂ ಹೋಯಿತು. "ಏನ್ ಸಾಹೇಬ್ರೇ, ಹತ್ತಕ್ಕೆ ಅರವತ್ತು! ನಮ್ಮನ್ನೆಲ್ಲ ಲಿಫ್ಟಿಂದ ಇಳಿಸಿದ್ದೂ ಇದೇ ಲೆಕ್ಕದಲ್ಲಾ?" ಭಾವ ಕಿವಿಯವರೆಗೂ ಕೆಂಪಾದರು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಅಧಿಕಾರಿಗಳಿಗೆ ತಡೆಯಲಾಗಲಿಲ್ಲ. ಪುರಾವೆಯನ್ನು ಒಂದೇ ಕೈಯಿಂದ ಎತ್ತಿ ನೋಡಿದರು. ಸುತ್ತೋಲೆ ಅವರ ಬಾಯಿಂದ ಕಳಚಿ ಬಿತ್ತು. "ಥೂ, ಎಷ್ಟು ಹಗುರ ಇದೆ! ಅಲ್ರೀ, ನಾನು ಮೊದಲು ಮಕ್ಕಳ ಡಾಕ್ಟರಾಗಿದ್ದೋನು, ಈ ಕುರ್ಚಿಗೆ ಆಮೇಲೆ ಬಂದೆ. ಇರಲಿ, ತೂಕ ಕಡಿಮೆ ಇದ್ದ ಮಾತ್ರಕ್ಕೆ ಬಿಡಲ್ಲ. ಹೇಗೆ ಕಲಿಸ್ತಾರೆ ಅಂತ ನೋಡಬೇಕು. ಕೋಚ್ ಸುಮ್ನಿರಿ. ಮಗು, ನೀನು ಹೇಳು. ವಾರಕ್ಕೆ ಎಷ್ಟು ದಿನ?"

"ಮೂರು," ಅಂದಳು ಕಡ್ಡಿ. "ನಡುವೆ ಒಂದೊಂದು ದಿನ ರಜ. ಮೈಗೆ ಸುಧಾರಿಸಿಕೊಳ್ಳೋಕೆ ಬಿಡಬೇಕಲ್ವಾ?"

"ಬಂದ ಕೂಡಲೇ ಕಂಬಿ ಹಿಡೀತೀರಾ?"

"ಇಲ್ಲ, ಮೊದಲು ಓಡಿ ಕುಣಿದು ಮೈ ಬಿಸಿ ಮಾಡ್ಕೋಬೇಕು."

"ಭಾರ ಯಾವಾಗ ಜಾಸ್ತಿ ಮಾಡ್ತಾರೆ?"

"ಈಗಿರೋದನ್ನ ಹತ್ತು ಹನ್ನೆರಡು ಸಲ, ಮೊದಲನೇದು ಹೇಗೋ ಕೊನೇದೂ ಹಾಗೇ ಎತ್ತೋಕೆ ಬಂದಾಗ. ಆಗಲೂ ಚೂರೇ ಚೂರು."

"ನಡುವೆ ಬೆನ್ನು ಬಾಗಿದ್ರೆ?"

"ಅಲ್ಲಿಗೆ ನಿಲ್ಲಿಸಬೇಕು. ನೋವು ಬಂದ್ರೂ ಹೇಳಬೇಕು. ಮುಚ್ಚಿಟ್ಟರೆ ಕೋಚಮ್ಮ ಕಿವಿ ಹತ್ತಿರ ಸೀಟಿ ಊದ್ತಾರೆ."

ಅಧಿಕಾರಿಗಳು ಕಣ್ಣು ಕಿರಿದು ಮಾಡಿದರು. "ಈಗ ನಿಜ ಹೇಳು. ಹೆಚ್ಚೆಂದರೆ ನಿನ್ನಿಂದ ಎಷ್ಟು ಎತ್ತೋಕಾಗತ್ತೆ?"

"ಗೊತ್ತಿಲ್ಲ."

"ಒಂದು ಸಲಾನೂ ನೋಡಿಲ್ವಾ?"

"ನೋಡಬಾರದು ಸಾರ್. ಎಷ್ಟು ಎತ್ತಿದೆ ಅಂತ ಕೇಳೋದು ದೊಡ್ಡವರ ಹುಚ್ಚು. ಹೇಗೆ ಎತ್ತಿದೆ ಅಂತ ಕೇಳಬೇಕು."

ಕಟ್ಟಡದ ದೊಡ್ಡವರೆಲ್ಲ ಒಟ್ಟಿಗೆ ಕೆಮ್ಮಿದರು. ಅಧಿಕಾರಿಗಳು ಕಡ್ಡಿಗೆ ಸನ್ನೆ ಮಾಡಿದರು. ಅವಳು ಬಂದು, ಕಾಲು ಅಗಲ ಮಾಡಿ, ಬೆನ್ನು ನೇರ ಮಾಡಿ, ಕಂಬಿ ಎತ್ತಿದಳು. ಗದ್ದಲ ಇಲ್ಲ, ಮುಲುಕಾಟ ಇಲ್ಲ. ಎಣ್ಣೆ ಬಿಟ್ಟ ಲಿಫ್ಟಿನ ಹಾಗೆ ಏರಿತು, ನಿಂತಿತು, ಇಳಿಯಿತು. ಹತ್ತೇ ಕಿಲೋ. ಅಪ್ಪನ ಅರವತ್ತಕ್ಕೆ ಚಪ್ಪಾಳೆ ತಟ್ಟಿದವರು ಈಗ ತಟ್ಟಲು ಮರೆತು ನೋಡುತ್ತಿದ್ದರು.

"ಅವಳು ಕುಳ್ಳಾಗ್ತಿರೋದು?" ಅಜ್ಜಿ ಸೋಲೊಪ್ಪಲಿಲ್ಲ. "ದಿನಾ ಅರ್ಧ ಬೆರಳು! ಗೆರೆ ಇದೆ, ಬಂದು ನೋಡಿ!"

"ಅಜ್ಜಿ," ಅಂದರು ಅಧಿಕಾರಿಗಳು, "ಬೆಳಗ್ಗೆ ಎದ್ದಾಗ ಎಲ್ಲರೂ ಒಂದು ಚೂರು ಉದ್ದ, ಸಂಜೆಗೆ ಒಂದು ಚೂರು ಗಿಡ್ಡ. ಇಡೀ ದಿನ ನಿಂತು ಕೂತು ಬೆನ್ನುಮೂಳೆ ಒತ್ತಿಕೊಂಡಿರತ್ತೆ. ಮಲಗಿ ಎದ್ದರೆ ಸರಿಹೋಗತ್ತೆ. ನೀವೂ ಅಷ್ಟೇ. ಗೊತ್ತಿದ್ದೋರು ಪಕ್ಕದಲ್ಲಿದ್ದು, ಹಗುರವಾಗಿ ಶುರುಮಾಡಿ, ಹೀಗೆ ಕಲಿಸಿದ್ರೆ ಮಕ್ಕಳ ಎತ್ತರಕ್ಕೆ ಏನೂ ಆಗಲ್ಲ. ಸೋಫಾ ಮೇಲಿಂದ ಧುಮುಕಿದ್ರೆ ಮೊಣಕಾಲಿಗೆ ಬೀಳೋ ಹೊಡೆತ ಇದಕ್ಕಿಂತ ಜೋರು."

ಅಜ್ಜಿ ಅದರಲ್ಲಿ ತಮಗೆ ಬೇಕಾದ್ದನ್ನು ಮಾತ್ರ ಹೆಕ್ಕಿಕೊಂಡರು. "ಅಂದ್ರೆ ಈ ವಯಸ್ಸಲ್ಲೂ ನಾನು ರಾತ್ರಿ ರಾತ್ರಿ ಬೆಳೀತಾ ಇದ್ದೀನಿ!" ಅಂತ ಸುತ್ತ ಎಲ್ಲರ ಮುಖ ನೋಡಿ ಬಂದರು.

"ಬೀಗ ಹಾಕ್ತೀನಿ ಅಂತ ಬಂದಿದ್ದೀನಿ, ಹಾಕದೆ ಹೋಗಲ್ಲ," ಅಂದರು ಅಧಿಕಾರಿಗಳು. ಕಡ್ಡಿಯ ಮುಖ ಬಿಳುಚಿತು. ಅವರು ಬೀಗವನ್ನು ಕೋಚಮ್ಮನ ಕೈಗಿಟ್ಟರು. "ಕೀ ನಿಮ್ಮ ಹತ್ತಿರ. ನೀವಿಲ್ಲದಾಗ ಯಾವ ಮಗುವೂ ಒಳಗೆ ಬಂದು ಇದನ್ನ ಮುಟ್ಟಬಾರದು. ನೀವಿದ್ದಾಗ ಈ ಬಾಗಿಲು ಯಾರೂ ಮುಚ್ಚಬಾರದು. ಅಧ್ಯಕ್ಷರೇ, ಕೇಳಿಸ್ತಾ? ಹೌದು ಅಥವಾ ಇಲ್ಲ?"

"ಹೌದು," ಅಂದರು ಹೆಡ್ಮಾಸ್ಟರು, ಜೀವಮಾನದಲ್ಲಿ ಮೊದಲ ಸಲ ಉತ್ತರದ ಕಡೆ ನಿಂತು. ಪಕ್ಕದಲ್ಲಿ ಅವರ ಮೊಮ್ಮಗ ತೋಳು ಜಗ್ಗುತ್ತಿದ್ದ: "ತಾತ, ನನಗೂ ಕೋಲು ಬೇಕು."

ಸೋಮವಾರ ಕೋಣೆಯ ಮುಂದೆ ಮಕ್ಕಳ ಸಾಲು. ಕೋಚಮ್ಮ ಎಲ್ಲರನ್ನೂ ಒಮ್ಮೆಲೇ ಒಳಗೆ ಬಿಡಲಿಲ್ಲ. "ನನ್ನ ಕಣ್ಣಿಗೆ ಕಾಣೋಷ್ಟು ಜನ ಕಾಣೋಷ್ಟು ಜನ" ಅಂತ ಹೊಸಬರಿಗೆಲ್ಲ ಬೇರೆ ದಿನ ಕೊಟ್ಟರು. ದೊಡ್ಡವರಿಗೂ ಒಂದು ಬೆಳಗಿನ ತರಗತಿ ಹುಟ್ಟಿತು. ಅದರ ಮೊದಲ ಸಾಲಿನಲ್ಲಿ ಬರಿಗೋಲು ಹಿಡಿದು ಭಾವ, ಪಕ್ಕದಲ್ಲಿ ಕುರ್ಚಿಯಿಂದ ಕೈಯೂರದೆ ಏಳುವುದನ್ನು ಕಲಿಯುತ್ತಿರುವ ಅಜ್ಜಿ. ಅಜ್ಜಿ ಎದ್ದರು. ಭಾವ ಇನ್ನೂ ನೆಲಹಾಸಿನ ಗುಣಮಟ್ಟ ನೋಡುತ್ತಿದ್ದಾರೆ.

ಶಾಲೆಯಲ್ಲಿ ತಂಡ ಕಟ್ಟುವಾಗ ಕಡ್ಡಿ ಕಂಬದ ಹಿಂದೆ ನಿಲ್ಲಲಿಲ್ಲವಂತೆ. ಆರಿಸುವವಳೇ ಅವಳಾಗಿದ್ದಳು.

ಮೊನ್ನೆ ಲಿಫ್ಟು ತುಂಬಿತ್ತು. ಭಾವ ಯಾರನ್ನೂ ಇಳಿಸಲಿಲ್ಲ, ತಾವೇ ಒಂದು ಪಕ್ಕಕ್ಕೆ ಒತ್ತಿಕೊಂಡು ನಿಂತರು. ಹೆಡ್ಮಾಸ್ಟರು ಬಿಡುತ್ತಾರೆಯೇ? ನಾಲ್ಕು ಜನರ ಎದುರು ಕೆಣಕಿದರು. "ಸಾಹೇಬ್ರೇ, ಕೋಚಮ್ಮ ನಿನ್ನೆ ಮತ್ತೆ ಏನೋ ಜಾಸ್ತಿ ಹಾಕಿದ್ರಂತೆ. ನಿಮ್ಮ ಕಣ್ಣಿನ ಪ್ರಕಾರ ಮಗಳದು ಈಗ ಎಷ್ಟು? ನೂರಾ? ಇನ್ನೂರಾ?"

ಎಲ್ಲರೂ ಭಾವನ ಬಾಯಿ ನೋಡಿದರು. ಭಾವ ಹಿಂದೆ ಸರಿದು, ಮೂಲೆಯಲ್ಲಿದ್ದ ಕಡ್ಡಿಯನ್ನು ಮುಂದೆ ಬಿಟ್ಟರು.

"ನನ್ನನ್ನೇನು ಕೇಳ್ತೀರಿ ಸಾರ್? ಎತ್ತಿದವಳು ಇಲ್ಲೇ ಇದ್ದಾಳೆ, ಅವಳನ್ನ ಕೇಳಿ."

ಕಡ್ಡಿ ಬೆನ್ನು ನೇರ ಮಾಡಿದಳು. "ಹನ್ನೊಂದು!" ಅಂದಳು.

ಲಕ್ಷ ಕೋಟಿ ಅನ್ನುವವರೂ ಅಷ್ಟು ಜೋರಾಗಿ ಅಂದದ್ದನ್ನು ನಾನು ಕೇಳಿಲ್ಲ.